ಇಷ್ಟು ವರ್ಷ ಸುಮ್ಮನಿದ್ದು ಈಗ ಯೂತ್ ಪಾಸ್ಟರ್‌ಗೆ ಏನೆಂದು ಬರೆಯಲಿ?

ಪ್ರಶ್ನೆ: ನನಗೀಗ 36 ವರ್ಷ. ಹದಿಮೂರರಿಂದ ಹತ್ತೊಂಬತ್ತನೇ ವಯಸ್ಸಿನವರೆಗೆ ನಮ್ಮ ಸಭೆಯ (ಚರ್ಚಿನ) ಯೂತ್ ಪಾಸ್ಟರ್, ಅಂದರೆ ಯುವಜನರನ್ನು ನೋಡಿಕೊಳ್ಳುವ ಪಾಸ್ಟರ್ ಜೊತೆಗೇ ಬೆಳೆದೆ. ಅಪ್ಪ ಮನೆ ಬಿಟ್ಟು ಹೋದ ವರ್ಷ ಅವರಿಲ್ಲದಿದ್ದರೆ ನಾನು ಏನಾಗುತ್ತಿದ್ದೆನೋ. ನನಗೆ ಅವರು ಮಾರ್ಗದರ್ಶಿ, ಅಣ್ಣ, ಆದರ್ಶ ಎಲ್ಲವೂ ಆಗಿದ್ದರು. ಕೆಲಸ, ಮದುವೆ ಅಂತ ದೂರ ಹೋದ ಮೇಲೆ ಮಾತು ಕಡಿಮೆಯಾಗುತ್ತಾ ಬಂದು ಕೊನೆಗೆ ನಿಂತೇ ಹೋಯಿತು. ಅವರು ನಿವೃತ್ತರಾಗಿದ್ದಾರೆ, ಆರೋಗ್ಯವೂ ಸರಿಯಿಲ್ಲ ಎಂದು ಈಚೆಗೆ ತಿಳಿಯಿತು. ಪತ್ರ ಬರೆಯಲು ಕೂತರೆ ಕೈ ಓಡುವುದಿಲ್ಲ. ಇಷ್ಟು ವರ್ಷ ಸುಮ್ಮನಿದ್ದ ನಾಚಿಕೆ ಒಂದು ಕಡೆ. ಯೇಸುವಿನಿಂದ ಗುಣವಾದ ಹತ್ತು ಕುಷ್ಠರೋಗಿಗಳಲ್ಲಿ ಕೃತಜ್ಞತೆ ಹೇಳಲು ತಿರುಗಿ ಬರದ ಒಂಬತ್ತು ಮಂದಿಯ ಸಾಲಿನವನು ನಾನು. ಇನ್ನೊಂದು ಕಡೆ, ನಾನೀಗ ಆರಾಧನೆಗೆ ಹೋಗುವುದೇ ಅಪರೂಪ, ನಂಬಿಕೆಯೂ ಮೊದಲಿನಂತಿಲ್ಲ. ಇದು ಗೊತ್ತಾದರೆ ಅವರು ನೊಂದುಕೊಳ್ಳುವುದಿಲ್ಲವೇ? ಸುಮ್ಮನಿರುವುದೇ ವಾಸಿಯೇ? (ಅಪ್ಪ ಮನೆ ಬಿಟ್ಟು ಹೋದ ವಾರ ಯೂತ್ ಮೀಟಿಂಗ್ ಮುಗಿದ ಮೇಲೆ ಅವರು ನನ್ನನ್ನು ಏನೂ ಕೇಳದೆ, ಮೈಕ್ ಕೇಬಲ್ ಸುತ್ತುವುದು ಹೇಗೆ ಅಂತ ಹೇಳಿಕೊಟ್ಟರು. ಯಾಕೋ ಅದೇ ಪದೇಪದೇ ನೆನಪಾಗುತ್ತದೆ.)

ಉತ್ತರ: ಬರೆಯಿರಿ. ಈ ವಾರವೇ ಬರೆಯಿರಿ. ಅವರ ಆರೋಗ್ಯ ಸರಿಯಿಲ್ಲ ಎಂದಿದ್ದೀರಿ, ಆದ್ದರಿಂದ ಉಳಿದ ಮಾತಿಗಿಂತ ಮೊದಲು ಇದನ್ನು ಹೇಳಿಬಿಟ್ಟೆ.

ಇನ್ನು ಏನು ಬರೆಯಬೇಕು ಎಂಬ ಪ್ರಶ್ನೆ. ಅದಕ್ಕೆ ಉತ್ತರವನ್ನು ನೀವೇ ಬರೆದು ಕಂಸದೊಳಗೆ ಹಾಕಿ ಕಳಿಸಿದ್ದೀರಿ. ಮಾರ್ಗದರ್ಶಿ, ಅಣ್ಣ, ಆದರ್ಶ ಎಂಬ ಮಾತುಗಳನ್ನು ಅವರು ಬೀಳ್ಕೊಡುಗೆ ಸಮಾರಂಭದಲ್ಲಿ ಹಾರದ ಜೊತೆಗೆ ಬೇಕಾದಷ್ಟು ಕೇಳಿರುತ್ತಾರೆ. ಯಾವ ಪಾಸ್ಟರ್ ನಿವೃತ್ತರಾದರೂ ಅದೇ ಮಾತು, ಅದೇ ಧಾಟಿ. ಮೈಕ್ ಕೇಬಲ್ ಸುತ್ತಿದ ಸಂಜೆಯ ವಿಷಯ ಮಾತ್ರ ಜಗತ್ತಿನಲ್ಲಿ ನಿಮಗೊಬ್ಬರಿಗೇ ಗೊತ್ತು. ಅವರಿಗೂ ಅದು ನೆನಪಿರಲಿಕ್ಕಿಲ್ಲ. ಅವರ ಮಟ್ಟಿಗೆ ಅದು ಮೀಟಿಂಗ್ ಮುಗಿದ ಮೇಲೆ ಸಾಮಾನು ಎತ್ತಿಡುವ ಕೆಲಸ, ಅಷ್ಟೇ.

ಹದಿಹರೆಯದವರ ಜೊತೆ ಕೆಲಸ ಮಾಡುವವರ ಪರಿಸ್ಥಿತಿಯೇ ವಿಚಿತ್ರ. ಹದಿಮೂರಕ್ಕೆ ಬಂದ ಹುಡುಗ ಹತ್ತೊಂಬತ್ತಕ್ಕೆ ಹೊರಟುಹೋಗುತ್ತಾನೆ. ಮಾಡಿದ ಕೆಲಸ ಕೈಗೂಡಿತೋ ಇಲ್ಲವೋ ಎಂದು ತಿಳಿಯುವ ವಯಸ್ಸಿಗೆ ಅವನು ಕಣ್ಣಳತೆಯಲ್ಲೇ ಇರುವುದಿಲ್ಲ. ಶಾಲೆಯ ಮೇಷ್ಟ್ರಿಗೆ ಪರೀಕ್ಷೆಯ ಫಲಿತಾಂಶವಾದರೂ ಸಿಗುತ್ತದೆ, ಯೂತ್ ಪಾಸ್ಟರ್‌ಗೆ ಸಿಗುವುದು ಹಾಜರಿ ಲೆಕ್ಕ ಮಾತ್ರ. ಇದು ಇಂದು ನಿನ್ನೆಯದಲ್ಲ. 1881ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಪಾಸ್ಟರ್ ಫ್ರಾನ್ಸಿಸ್ ಕ್ಲಾರ್ಕ್ ತಮ್ಮ ಸಭೆಯ ಯುವಜನರಿಗಾಗಿ ಶುರುಮಾಡಿ ಮುಂದೆ ಅನೇಕ ದೇಶಗಳಿಗೆ ಹಬ್ಬಿದ ಕ್ರಿಶ್ಚಿಯನ್ ಎಂಡೆವರ್ ಸಂಘಗಳಲ್ಲೂ ತಿಂಗಳಿಗೊಮ್ಮೆ ಹೆಸರು ಕೂಗುವ ಪದ್ಧತಿಯಿತ್ತು. ಬಂದವರನ್ನು ಎಣಿಸಬಹುದು. ಬಂದವರೊಳಗೆ ಏನಾಯಿತು ಎಂಬುದನ್ನು ಎಣಿಸಲಾಗದು. ಜೊತೆಗೆ "ನೀವು ಪೂರ್ತಿ ಪಾಸ್ಟರ್ ಆಗುವುದು ಯಾವಾಗ?" ಎಂದು ಕೇಳುವವರಿಗೇನೂ ಕೊರತೆಯಿಲ್ಲ. ಮಕ್ಕಳ ಜೊತೆ ಆಟ ಆಡಿಸಿಕೊಂಡಿರುವುದು ದೊಡ್ಡ ಹುದ್ದೆಗೆ ಮೆಟ್ಟಿಲು ಎಂದೇ ಎಷ್ಟೋ ಸಭೆಗಳ ಹಿರಿಯರ ಎಣಿಕೆ.

ಸೇವೆಯಿಂದ ನಿವೃತ್ತರಾದವರ ಜೊತೆ ಆಪ್ತಸಮಾಲೋಚನೆಗೆ ಕೂತಾಗ ನಾನು ಮತ್ತೆ ಮತ್ತೆ ಕಾಣುವ ಸಂಗತಿಯೊಂದಿದೆ. "ಆ ವರ್ಷಗಳ ಬಗ್ಗೆ ಹೇಳಿ" ಎಂದರೆ ಅವರು ಉಳಿದವರ ಬಗ್ಗೆ ಹೇಳುವುದಿಲ್ಲ, ಬಿಟ್ಟುಹೋದವರ ಹೆಸರನ್ನೇ ಹೇಳುತ್ತಾರೆ. ಇಂಥವನು ಚೆನ್ನಾಗಿ ಹಾಡುತ್ತಿದ್ದ, ಒಂದು ದಿನ ಬರುವುದು ನಿಲ್ಲಿಸಿದ, ನಾನು ಏನಾದರೂ ಅಂದೆನೇ? ಇಂಥವಳ ಮನೆಗೆ ಇನ್ನೊಂದು ಸಲ ಹೋಗಿಬರಬೇಕಿತ್ತೇ? ಸಂಪರ್ಕ ತಪ್ಪಿದವರೆಲ್ಲ ಅವರ ಮನಸ್ಸಿನ ಲೆಕ್ಕದಲ್ಲಿ ನಷ್ಟದ ಕಡೆಗೇ ಬರೆದಿಟ್ಟವರು. ನಿಮ್ಮ ಹೆಸರೂ ಆ ಕಡೆ ಇರುವ ಸಾಧ್ಯತೆ ಸಾಕಷ್ಟಿದೆ. ನಿಮ್ಮ ಮೌನ ನಿಮಗೆ ಕೃತಘ್ನತೆಯಾಗಿ ಕಾಣುತ್ತಿದೆ. ಅವರಿಗೆ ಅದು ತಮ್ಮ ಸೋಲಾಗಿ ಕಂಡಿರಬಹುದು. ಅದು ಸೋಲಲ್ಲ ಎಂದು ಹೇಳಬಲ್ಲ ಮಾಹಿತಿ ನಿಮ್ಮ ಹತ್ತಿರ ಮಾತ್ರ ಇದೆ. ಆದ್ದರಿಂದ ನೀವು ಬರೆಯುವ ಪತ್ರವನ್ನು ಸಾಲ ತೀರಿಸುವುದು ಅಂತ ಅಂದುಕೊಳ್ಳಬೇಡಿ. ಒಬ್ಬ ಮನುಷ್ಯನಿಗೆ ಅವನ ಕೆಲಸದ ಫಲಿತಾಂಶ ತಲುಪಿಸುತ್ತಿದ್ದೀರಿ ಎಂದುಕೊಳ್ಳಿ. ಆಗ ನಿಮ್ಮ ನಾಚಿಕೆಗೆ ಅಲ್ಲಿ ದೊಡ್ಡ ಜಾಗವೇನೂ ಉಳಿಯುವುದಿಲ್ಲ.

ಆ ಕೇಬಲ್ ವಿಷಯಕ್ಕೆ ಸ್ವಲ್ಪ ಹೊತ್ತು ಬರೋಣ, ಯಾಕೆಂದರೆ ನೀವು "ಯಾಕೋ" ಎಂದಿದ್ದೀರಿ. ಯಾಕೆ ಎಂಬುದು ನನಗೆ ಸ್ಪಷ್ಟವಾಗಿಯೇ ಕಾಣುತ್ತದೆ.

ಮೈಕ್ ಕೇಬಲ್ಲನ್ನು ಗೊತ್ತಿಲ್ಲದವರು ಮೊಣಕೈ ಮತ್ತು ಅಂಗೈ ನಡುವೆ ಬಿಗಿಯಾಗಿ ಸುತ್ತುತ್ತಾರೆ. ಪ್ರತಿ ಸುತ್ತಿಗೂ ಒಳಗಿನ ತಂತಿ ಒಂದೇ ದಿಕ್ಕಿಗೆ ತಿರುಚಿಕೊಳ್ಳುತ್ತಾ ಹೋಗಿ, ಸ್ವಲ್ಪ ಕಾಲದಲ್ಲಿ ಒಳಗೇ ತುಂಡಾಗಿ, ನಡು ಹಾಡಿನಲ್ಲಿ ಮೈಕ್ ಗೊರಗೊರ ಅನ್ನುತ್ತದೆ. ಗೊತ್ತಿರುವವರು ಒಂದು ಸುತ್ತನ್ನು ಮೇಲಿನಿಂದ ಹಾಕಿ, ಮುಂದಿನದನ್ನು ಮಣಿಕಟ್ಟು ತಿರುಗಿಸಿ ಒಳಗಿನಿಂದ ಹಾಕುತ್ತಾರೆ. ಒಂದು ಸುತ್ತಿನ ತಿರುಚು ಇನ್ನೊಂದರಲ್ಲಿ ಬಿಚ್ಚಿಹೋಗುತ್ತದೆ. ಮರುವಾರ ತುದಿ ಹಿಡಿದು ಎಸೆದರೆ ಕೇಬಲ್ ಗಂಟಿಲ್ಲದೆ ನೆಲದ ಮೇಲೆ ಉದ್ದಕ್ಕೂ ಬಿಚ್ಚಿಕೊಳ್ಳುತ್ತದೆ. ಕಲಿಯಲು ಹತ್ತು ನಿಮಿಷ ಸಾಕು, ಆದರೆ ಆ ಹತ್ತು ನಿಮಿಷ ಕಣ್ಣು ಮತ್ತು ಕೈ ಎರಡೂ ಅಲ್ಲೇ ಇರಬೇಕು.

ಈಗ ಆ ವಾರದ ಹುಡುಗನನ್ನು ನೋಡಿ. ಮನೆಯಲ್ಲಿ ಎಲ್ಲವೂ ಕೈಮೀರಿದೆ. ಬಂಧುಬಳಗದ ದೊಡ್ಡವರೆಲ್ಲ ಮುಖ ನೋಡಿ "ಹೇಗಿದ್ದೀಯಪ್ಪಾ?" ಎಂದು ಕೇಳುತ್ತಿದ್ದಾರೆ. ಆ ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ, ಇದ್ದರೂ ಹೇಳಿದರೆ ಅಳು ಬರುತ್ತದೆ, ಅಳಲು ಮನಸ್ಸಿಲ್ಲ. ಆ ಹೊತ್ತಿನಲ್ಲಿ ಒಬ್ಬರು ಎದುರಿಗೆ ಕೂರದೆ ಪಕ್ಕದಲ್ಲಿ ನಿಂತರು. ಪ್ರಶ್ನೆ ಕೇಳುವ ಬದಲು ಕೈಗೆ ಕೆಲಸ ಕೊಟ್ಟರು. ಸಭೆಯ ದುಬಾರಿ ಸಾಮಾನನ್ನು ನಂಬಿ ಕೊಟ್ಟರು. ಆ ವಾರ ಅವನ ಬದುಕಿನಲ್ಲಿ ಸರಿಯಾಗಿ ಮಾಡಲು ಸಾಧ್ಯವಿದ್ದದ್ದು ಬಹುಶಃ ಅದೊಂದೇ. ಮುಂದಿನ ವಾರ ಬರಲು ಅವನಿಗೊಂದು ನೆಪವೂ ಆಯಿತು: ಕೇಬಲ್ ಸುತ್ತಬೇಕಲ್ಲ. ಹದಿಹರೆಯದ ಹುಡುಗರು ಮುಖಾಮುಖಿ ಕೂತಾಗ ಮಾತಾಡುವುದಕ್ಕಿಂತ ಪಕ್ಕಪಕ್ಕದಲ್ಲಿ ಏನಾದರೂ ಕೆಲಸ ಮಾಡುವಾಗ ಹೆಚ್ಚು ಬಾಯಿಬಿಡುತ್ತಾರೆ ಎಂಬುದು ಅವರ ಜೊತೆ ಒಡನಾಡಿದವರೆಲ್ಲ ಕಂಡ ಸಂಗತಿ. ಅವರು ಇದನ್ನು ತಿಳಿದೇ ಮಾಡಿದರೋ, ಇಲ್ಲ ಏನು ಹೇಳಬೇಕೆಂದು ತೋಚದೆ ಕೇಬಲ್ ಕೊಟ್ಟರೋ ಗೊತ್ತಿಲ್ಲ. ಎರಡನೆಯದಾಗಿದ್ದರೆ ನನಗಂತೂ ಅವರ ಮೇಲೆ ಪ್ರೀತಿ ಇನ್ನೂ ಹೆಚ್ಚಾಗುತ್ತದೆ.

ಇದರ ಬೆಲೆ ಎಷ್ಟು ಎಂಬುದಕ್ಕೆ ಅಧ್ಯಯನಗಳ ಆಧಾರವೂ ಇದೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಹಿಂಬಾಲಿಸಿ ನೋಡಿದರು. ಬಡತನ, ಒಡೆದ ಸಂಸಾರ, ತಂದೆತಾಯಿಯ ಕುಡಿತ ಅಥವಾ ಮನೋರೋಗ, ಇಂಥ ಹಲವು ಕಷ್ಟಗಳು ಒಟ್ಟಿಗೇ ಮೈಮೇಲೆ ಬಿದ್ದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗ ಸಮರ್ಥರಾದ, ಇನ್ನೊಬ್ಬರ ಬಗ್ಗೆ ಕಾಳಜಿಯಿರುವ ದೊಡ್ಡವರಾಗಿ ಬೆಳೆದರು. ಅವರಲ್ಲಿ ಮತ್ತೆ ಮತ್ತೆ ಕಂಡುಬಂದ ಒಂದು ಅಂಶವೆಂದರೆ ಮನೆಯಾಚೆಗೆ ನೆಚ್ಚಿಕೊಳ್ಳಬಹುದಾದ ಒಬ್ಬ ಹಿರಿಯರಿದ್ದದ್ದು: ನೆರೆಯವರು, ಶಿಕ್ಷಕರು, ಯುವಜನ ನಾಯಕರು, ಸಭೆಯವರು. ಹೀಗೆ ಆಸರೆಯಾದವರು ಚಮತ್ಕಾರವನ್ನೇನೂ ಮಾಡಿರಲಿಲ್ಲ. ಹತ್ತಿರ ಇದ್ದರು, ಅಷ್ಟೇ.

ಇದ್ದರು ಎಂಬುದರಲ್ಲಿ ಎಷ್ಟು ಕಾಲ ಎಂಬುದೂ ಸೇರಿದೆ. ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮಾರ್ಗದರ್ಶಕರ ನಂಟು ಒಂದು ವರ್ಷ ಮೀರಿ ಮುಂದುವರಿದ ಮಕ್ಕಳಿಗೆ ಎಲ್ಲರಿಗಿಂತ ಹೆಚ್ಚು ಲಾಭವಾಗಿತ್ತು. ಮೂರು ತಿಂಗಳೊಳಗೆ ನಂಟು ಮುರಿದುಬಿದ್ದ ಮಕ್ಕಳ ಆತ್ಮಗೌರವ ಕುಸಿದಿತ್ತು. ಅಂದರೆ ಅರ್ಧಕ್ಕೇ ಕೈಬಿಡುವುದು ನಿರಪಾಯದ ಕೆಲಸವಲ್ಲ. ನಿಮ್ಮವರು ಆರು ವರ್ಷ ಇದ್ದರು. ಪತ್ರದಲ್ಲಿ ಈ ಮಾತು ಬರಲೇಬೇಕು: ನೀವು ಮುಂದಿನ ವಾರವೂ ಬಂದಿರಿ, ಅದರ ಮುಂದಿನ ವಾರವೂ ಬಂದಿರಿ ಎಂದು. ಒಂದೊಂದು ವಾರವೂ ಅವರಿಗೆ ಮಾಮೂಲಾಗಿತ್ತು. ಈಗಾಗಲೇ ಒಬ್ಬರು ಬಿಟ್ಟುಹೋದ ಮನೆಯ ಹುಡುಗನಿಗೆ ಅದು ಮಾಮೂಲಾಗಿರಲಿಲ್ಲ.

ಈಗ ನಿಮ್ಮ ನಾಚಿಕೆ. ಇಷ್ಟು ವರ್ಷದ ಮೇಲೆ ಇದ್ದಕ್ಕಿದ್ದಂತೆ ಪತ್ರ ಬಂದರೆ ಅವರಿಗೆ ಮುಜುಗರವಾದೀತು, ಸರಿಯಾದ ಮಾತೂ ಹೊಳೆಯುತ್ತಿಲ್ಲ ಎಂದು ಹೆದರುತ್ತಿದ್ದೀರಿ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು 2018ರಲ್ಲಿ ಇದನ್ನೇ ಪರೀಕ್ಷಿಸಿದರು. ಜನರಿಂದ ಕೃತಜ್ಞತೆಯ ಪತ್ರ ಬರೆಸಿ, ಪಡೆದವರಿಗೆ ಹೇಗನಿಸಬಹುದೆಂದು ಮೊದಲು ಬರೆದವರನ್ನು ಕೇಳಿ, ಆಮೇಲೆ ಪಡೆದವರನ್ನೇ ಕೇಳಿದರು. ಬರೆದವರು ಮುಜುಗರವನ್ನು ಇರುವುದಕ್ಕಿಂತ ಹೆಚ್ಚಾಗಿ ಊಹಿಸಿದ್ದರು, ಸಂತೋಷವನ್ನು ಕಡಿಮೆಯಾಗಿ ಊಹಿಸಿದ್ದರು. ಬರೆಯುವವರಿಗೆ ತಮ್ಮ ಮಾತು ಚೆನ್ನಾಗಿ ಬಂದಿದೆಯೇ ಎಂಬ ಚಿಂತೆ, ಪಡೆಯುವವರು ನೋಡುವುದು ಅದರಲ್ಲಿನ ಅಕ್ಕರೆಯನ್ನು. ಹಾಗಾಗಿ ಭಾಷೆ ತಿದ್ದುತ್ತಾ ಕೂರಬೇಡಿ. ವ್ಯಾಕರಣ ತಪ್ಪಿದರೆ ತಪ್ಪಲಿ.

ಆ ಒಂಬತ್ತು ಕುಷ್ಠರೋಗಿಗಳ ವಿಷಯವನ್ನೂ ಮಾತಾಡಿ ಮುಗಿಸೋಣ. ಲೂಕನ ಸುವಾರ್ತೆಯ 17ನೇ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಯಾಜಕರಿಗೆ ಮೈ ತೋರಿಸಿಕೊಳ್ಳಿರಿ ಎಂದು ಯೇಸು ಹೇಳಿದ್ದರು, ಒಂಬತ್ತು ಮಂದಿ ಹೇಳಿದ ದಾರಿಯಲ್ಲೇ ಹೋದರು. "ಆ ಒಂಬತ್ತು ಮಂದಿ ಎಲ್ಲಿ?" ಎಂಬ ಪ್ರಶ್ನೆ ಬರುತ್ತದೆ, ನಿಜ. ಆದರೆ ಅವರ ಗುಣವನ್ನು ಹಿಂದಕ್ಕೆ ತೆಗೆದುಕೊಂಡರು ಎಂದು ಎಲ್ಲೂ ಇಲ್ಲ. ತಿರುಗಿ ಬಂದ ಸಮಾರ್ಯದವನಿಗೆ ಯಾಕೆ ತಡ ಮಾಡಿದೆ ಎಂದು ಯಾರೂ ಕೇಳಲಿಲ್ಲ. ಪತ್ರ ಅಂಚೆಗೆ ಹಾಕಿದ ದಿನ ನೀವು ಒಂಬತ್ತರ ಸಾಲಿನಿಂದ ಹೊರಗೆ ಬಂದಾಯಿತು. ಆದ್ದರಿಂದ ಕ್ಷಮಾಪಣೆಗೆ ಒಂದು ವಾಕ್ಯ ಸಾಕು. ಎರಡನೇ ವಾಕ್ಯ ಬರೆದರೆ ಪತ್ರ ನಿಮ್ಮ ಬಗ್ಗೆಯಾಗುತ್ತದೆ. ಮೂರನೆಯದಕ್ಕೆ, ಕಾಯಿಲೆಯ ಮನುಷ್ಯ ನಿಮ್ಮನ್ನು ಸಮಾಧಾನಪಡಿಸುವ ಕೆಲಸಕ್ಕೆ ಇಳಿಯಬೇಕಾಗುತ್ತದೆ. ಅವರು ಜೀವನವೆಲ್ಲ ಅದನ್ನೇ ಮಾಡಿದ್ದಾರೆ, ಈಗಲಾದರೂ ಬಿಡುವು ಕೊಡಿ.

ಇನ್ನು ನಂಬಿಕೆ. ನಿಮ್ಮ ಕೈ ಓಡದಿರಲು ನಿಜವಾದ ಕಾರಣ ಇದೇ ಎಂದು ನನಗನಿಸುತ್ತದೆ. ವರ್ಷಗಳ ಮೌನಕ್ಕೂ ಬಹುಶಃ ಇದೇ ಕಾರಣ. ಇದನ್ನು ಲಘುವಾಗಿ ತಳ್ಳಿಹಾಕಲಾರೆ. ಅವರಿಗೆ ನೋವಾಗುವುದೇ ಇಲ್ಲ ಎಂದು ನಾನು ಹೇಳಿದರೆ ಅದು ಸುಳ್ಳು. ತಾನು ನಂಬಿ ಬದುಕಿದ್ದನ್ನು ತಾನು ಬೆಳೆಸಿದ ಹುಡುಗ ಕೈಬಿಟ್ಟಿದ್ದಾನೆ ಎಂದರೆ ಯಾವ ಸೇವಕನಿಗಾದರೂ ಮನಸ್ಸು ಚುರುಕ್ ಅನ್ನುತ್ತದೆ. ಆದರೆ ಎರಡು ನೋವುಗಳನ್ನು ತೂಗಿ ನೋಡಿ. ಒಂದು, ಹುಡುಗ ಸಭೆಗೆ ಬರುತ್ತಿಲ್ಲ. ಇನ್ನೊಂದು, ಹುಡುಗ ಸಭೆಗೂ ಬರುತ್ತಿಲ್ಲ, ನನಗೂ ಮುಖ ತೋರಿಸುತ್ತಿಲ್ಲ, ಅಂದರೆ ನಾನು ಅವನಿಗೆ ಕೊಟ್ಟದ್ದೆಲ್ಲ ಸಭೆಯ ಜೊತೆಗೇ ಹೋಯಿತು. ಎರಡನೆಯದನ್ನು ಅವರು ಈಗಾಗಲೇ ಅನುಭವಿಸುತ್ತಿರಬಹುದು. ನಿಮ್ಮ ಪತ್ರ ಅದನ್ನು ಮೊದಲನೆಯದಕ್ಕೆ ಇಳಿಸುತ್ತದೆ. ಸುಮ್ಮನಿದ್ದರೆ ಅದು ಹಾಗೇ ಉಳಿಯುತ್ತದೆ.

ಬಚ್ಚಿಡಬೇಡಿ, ಘೋಷಣೆಯನ್ನೂ ಮಾಡಬೇಡಿ. ಎಲ್ಲ ಮೊದಲಿನಂತೆಯೇ ಇದೆ ಎಂಬ ಧಾಟಿಯಲ್ಲಿ ಸ್ತೋತ್ರ, ಹಲ್ಲೆಲೂಯ ಎಂದೆಲ್ಲ ತುಂಬಿಸಿ ಬರೆದರೆ ಅದು ಅವರಿಗೆ ಗೊತ್ತಾಗದೆ ಇರುವುದಿಲ್ಲ. ಹದಿಹರೆಯದವರ ಸುಳ್ಳು ಹಿಡಿಯುವುದರಲ್ಲಿ ಪಳಗಿದವರು ಅವರು. ಹಾಗಂತ ನಿಮ್ಮ ಸಂದೇಹಗಳ ಪಟ್ಟಿ ಕೊಡುವ ಜಾಗವೂ ಇದಲ್ಲ. ಹೀಗೆ ಬರೆಯಬಹುದು:

"ನಾನೀಗ ಆರಾಧನೆಗೆ ಹೋಗುವುದು ಅಪರೂಪ. ನೀವು ಕಲಿಸಿದ ಕೆಲವು ವಿಷಯಗಳ ಬಗ್ಗೆ ನನಗೀಗ ಮೊದಲಿನ ಖಾತ್ರಿ ಇಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಪತ್ರ ಬರೆಯಲು ಮನಸ್ಸಾಗಲಿಲ್ಲ. ಆದರೆ ಮನೆ ಬಿಟ್ಟು ಹೋದ ಒಬ್ಬರನ್ನು ನೋಡಿದ್ದ ನನಗೆ, ಇರುವುದು ಅಂದರೆ ಹೇಗೆ ಎಂದು ತೋರಿಸಿದವರು ನೀವು. ನನ್ನ ಮಗಳ ಜೊತೆ ನಾನಿರುವ ರೀತಿ ನಿಮ್ಮಿಂದ ಬಂದದ್ದು."

ಮಗಳಿದ್ದಾಳೋ ಇಲ್ಲವೋ ನೀವು ಬರೆದಿಲ್ಲ, ಕೊನೆಯ ವಾಕ್ಯವನ್ನು ನಿಮ್ಮ ಬದುಕಿಗೆ ತಕ್ಕಂತೆ ಬದಲಿಸಿಕೊಳ್ಳಿ. ಆ ಜಾಗದಲ್ಲಿ ನಿಜವಾದ, ಇವತ್ತಿಗೂ ನಡೆಯುತ್ತಿರುವ ಏನಾದರೂ ಇರಬೇಕು ಎಂಬುದಷ್ಟೇ ಮುಖ್ಯ. ಅಂದು ಏನು ಮಾಡಿದಿರಿ ಎಂಬುದು ಅರ್ಧ ಪತ್ರ. ಅದು ಈಗ ನನ್ನೊಳಗೆ ಎಲ್ಲಿದೆ ಎಂಬುದು ಇನ್ನರ್ಧ. ಎಷ್ಟೋ ಜನ ಮೊದಲರ್ಧ ಬರೆದು ನಿಲ್ಲಿಸಿಬಿಡುತ್ತಾರೆ.

ಅಭಿಪ್ರಾಯ ಬೇರೆಯಾದ ಮಾತ್ರಕ್ಕೆ ಪಡೆದದ್ದು ಅಳಿಸಿಹೋಗುವುದಿಲ್ಲ ಎಂಬುದನ್ನು ಅವರಿಗೆ ಸತ್ಯವೇದವೇ (ಬೈಬಲ್) ಹೇಳಿಕೊಟ್ಟಿರುತ್ತದೆ. ಮೊದಲು ಕ್ರೈಸ್ತರನ್ನು ಹಿಂಸಿಸುತ್ತಿದ್ದ ಪೌಲನ ಹೆಸರು ಕೇಳಿದರೇ ಯೆರೂಸಲೇಮಿನ ಶಿಷ್ಯರು ಹೆದರುತ್ತಿದ್ದ ಕಾಲದಲ್ಲಿ ಅವನನ್ನು ಕೈಹಿಡಿದು ಅಪೊಸ್ತಲರ ಬಳಿಗೆ ಕರೆದುಕೊಂಡು ಹೋದವನು ಬಾರ್ನಬ. ಆಮೇಲೆ ತಾರ್ಸದವರೆಗೆ ಹುಡುಕಿಕೊಂಡು ಹೋಗಿ ಅಂತಿಯೋಕ್ಯಕ್ಕೆ ಕರೆತಂದವನೂ ಅವನೇ. ಅದೇ ಪೌಲ ಮತ್ತು ಬಾರ್ನಬ ಮಾರ್ಕನೆಂಬ ಜೊತೆಗಾರನ ವಿಷಯಕ್ಕೆ ತೀಕ್ಷ್ಣವಾಗಿ ಜಗಳವಾಡಿ ಬೇರೆಬೇರೆ ದಾರಿ ಹಿಡಿದರು. ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯ ಇದನ್ನು ಎಳ್ಳಷ್ಟೂ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಆ ಜಗಳದಿಂದಾಗಿ ಬಾರ್ನಬ ಅಂದು ಕೈಹಿಡಿದದ್ದು ಸುಳ್ಳಾಗಲಿಲ್ಲ. ಕೆಲಸಕ್ಕೆ ಬಾರದವನೆಂದು ಬಿಟ್ಟುಹೋಗಿದ್ದ ಮಾರ್ಕನನ್ನೇ ಪೌಲ ಕೊನೆಗಾಲದಲ್ಲಿ ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನು ಎಂದು ಕೇಳುತ್ತಾನೆ. ಇದನ್ನು ಪತ್ರದಲ್ಲಿ ಬರೆಯಿರಿ ಎಂದು ಹೇಳುತ್ತಿಲ್ಲ, ಪಾಸ್ಟರ್‌ಗೇ ವಚನ ಹೇಳಿಕೊಡಲು ಹೋಗುವುದು ಬೇಡ. ನಿಮ್ಮ ಧೈರ್ಯಕ್ಕಿರಲಿ ಎಂದು ಹೇಳಿದೆ.

ಭೇಟಿಯಾದಾಗ ಅವರು "ಮತ್ತೆ ಯಾವಾಗ ಬರುತ್ತೀಯ ಸಭೆಗೆ?" ಎಂದು ಕೇಳಿಯೇ ಕೇಳುತ್ತಾರೆ. ಕೇಳದಿದ್ದರೆ ಅವರು ಪಾಸ್ಟರೇ ಅಲ್ಲ. ಅದಕ್ಕೆ ಮೊದಲೇ ಸಿದ್ಧರಾಗಿರಿ: "ಗೊತ್ತಿಲ್ಲ. ಆದರೆ ಇದನ್ನು ನೀವು ಕೇಳಿದರೆ ನನಗೆ ಬೇಸರವಿಲ್ಲ." ನಿಮಗಾಗಿ ಪ್ರಾರ್ಥನೆ ಮಾಡಲೇ ಎಂದರೆ ಮಾಡಲಿ ಬಿಡಿ. ಅಕ್ಕರೆ ತೋರಿಸಲು ಅವರಿಗೆ ಚೆನ್ನಾಗಿ ಬರುವ ರೀತಿ ಅದು. ಅದಕ್ಕೆ ಅಡ್ಡಿ ಮಾಡಿ ನೀವು ಸಾಧಿಸುವುದೇನೂ ಇಲ್ಲ.

ಪತ್ರ ಹೇಗಿರಬೇಕು ಎಂಬುದಕ್ಕೆ ಮಾದರಿ ಬೇಕಿದ್ದರೆ ಸತ್ಯವೇದದಲ್ಲಿ ಪೌಲ ತಿಮೊಥೆಯನಿಗೆ ಬರೆದ ಎರಡನೇ ಪತ್ರಿಕೆಯನ್ನು ಈ ಕಣ್ಣಿನಿಂದ ಓದಿ ನೋಡಿ. ಹಿರಿಯ ಮಾರ್ಗದರ್ಶಕನೊಬ್ಬ ಕಿರಿಯನಿಗೆ ಬರೆದ ಪತ್ರವಾಗಿ ಅದಕ್ಕಿಂತ ಪ್ರಸಿದ್ಧವಾದದ್ದು ಇನ್ನೊಂದಿಲ್ಲ. ಅದರಲ್ಲಿ ಉಪದೇಶ ಇದೆ ನಿಜ, ಆದರೆ ಎಷ್ಟು ಚಿಕ್ಕಪುಟ್ಟ ಸಂಗತಿಗಳಿವೆ! ನಿನ್ನ ಕಣ್ಣೀರು ನೆನಪಿದೆ ಅನ್ನುತ್ತಾನೆ. ಅಜ್ಜಿ ಲೋವಿ, ತಾಯಿ ಯೂನಿಕೆ ಎಂದು ಹೆಸರು ಹಿಡಿದು ನೆನೆಯುತ್ತಾನೆ. ತ್ರೋವದಲ್ಲಿ ಕರ್ಪನ ಬಳಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತೆಗೆದುಕೊಂಡು ಬಾ, ಚಳಿಗಾಲಕ್ಕೆ ಮುಂಚೆ ಬರಲು ಪ್ರಯತ್ನ ಮಾಡು ಅನ್ನುತ್ತಾನೆ. ಓದುವಾಗ ಮನುಷ್ಯ ಕಣ್ಣಿಗೆ ಕಾಣುತ್ತಾನೆ. ಆದರೆ ತಿಮೊಥೆಯನಿಗೆ ಬಂದ ಪತ್ರಗಳು ಸತ್ಯವೇದದಲ್ಲಿ ಎರಡಿವೆ, ತಿಮೊಥೆಯ ತಾನೇ ಪೌಲನಿಗೆ ಬರೆದ ಪತ್ರ ಒಂದೂ ಇಲ್ಲ. ಬರೆದನೋ ಇಲ್ಲವೋ ಯಾರಿಗೂ ತಿಳಿಯದು. ಹಿರಿಯರು ಕಿರಿಯರಿಗೆ ಹೇಳಿದ್ದು ಉಳಿಯುತ್ತದೆ, ಕಿರಿಯರು ಹಿರಿಯರಿಗೆ ಹೇಳಬೇಕಾದದ್ದು ಬಹಳ ಸಲ ಹೊಟ್ಟೆಯಲ್ಲೇ ಇರುತ್ತದೆ.

ಬರೆಯಬಾರದ್ದು ಕೆಲವಿದೆ. ನಿಮ್ಮ ಸಾಧನೆಗಳ ವರದಿ ಬೇಡ. ಹುದ್ದೆ, ಮನೆ ಎಲ್ಲ ಒಂದು ಸಾಲಿನಲ್ಲಿ ಮುಗಿಯಲಿ, ಅವರು ನಿಮ್ಮನ್ನು ಸಾಕಿದ್ದು ಅದಕ್ಕಲ್ಲ. "ನೀವಿಲ್ಲದಿದ್ದರೆ ನಾನಿಲ್ಲ" ಎಂಬ ಮಾತನ್ನೂ ನಾನಾದರೆ ತೆಗೆದುಹಾಕುತ್ತೇನೆ. ಕೇಳಲು ಹಿತವಾಗಿದ್ದರೂ ಅದು ಅಂದಾಜು. ಆ ಕಷ್ಟದ ವರ್ಷದಲ್ಲಿ ನಿಮ್ಮ ತಾಯಿ ಮಾಡಿದ್ದನ್ನೂ ನೀವೇ ಮಾಡಿಕೊಂಡದ್ದನ್ನೂ ಅದು ನುಂಗಿಹಾಕುತ್ತದೆ. ಇನ್ನು, ದಯವಿಟ್ಟು ಸಾಮಾಜಿಕ ಜಾಲತಾಣದಲ್ಲಿ ಹಳೆಯ ಫೋಟೊ ಹಾಕಿ ಅವರನ್ನು ಟ್ಯಾಗ್ ಮಾಡಿ ಮುಗಿಸಬೇಡಿ. ಅಲ್ಲಿ ನಾಲ್ಕು ಜನರ ಮುಂದೆ ಅವರು ನಕ್ಕು ಕೈಮುಗಿಯಬೇಕು, ಅಷ್ಟೇ. ನಿಮ್ಮಪ್ಪನ ವಿಷಯ, ಆ ಸಂಜೆಯ ವಿಷಯ ಅಲ್ಲಿ ಬರೆಯಲೂ ಆಗದು, ಅವರು ಉತ್ತರಿಸಲೂ ಆಗದು.

ಅವರ ಹೆಂಡತಿಗೂ ಎರಡು ಸಾಲು ಬರೆಯಿರಿ. ಇದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಯೂತ್ ಪಾಸ್ಟರ್ ಸಂಜೆಗಳನ್ನೆಲ್ಲ ಊರಿನ ಮಕ್ಕಳಿಗೆ ಕೊಟ್ಟರೆ ಆ ಸಂಜೆಗಳು ಯಾರದೋ ಪಾಲಿನಿಂದ ಬಂದಿರುತ್ತವೆ. ತಡರಾತ್ರಿ ಬಾಗಿಲು ತಟ್ಟಿದಾಗ ತೆರೆದವರು, ನೀವು ಕೂತು ಮಾತಾಡುವಾಗ ತಮ್ಮ ಮಕ್ಕಳನ್ನು ಒಬ್ಬರೇ ಮಲಗಿಸಿದವರು ಆಕೆ. ಅವರ ಮಕ್ಕಳು ದೊಡ್ಡವರಾಗಿದ್ದರೆ ನಿಮ್ಮ ಪತ್ರವನ್ನು ಅವರೂ ಓದುತ್ತಾರೆ. ಅಪ್ಪ ಮನೆಯಲ್ಲಿಲ್ಲದ ಸಂಜೆಗಳಲ್ಲಿ ಎಲ್ಲಿದ್ದರು ಎಂಬುದಕ್ಕೆ ಅದೊಂದು ಉತ್ತರ. ಆ ಉತ್ತರ ಅವರಿಗೆ ಹಿತವಾಗಬಹುದು, ಸ್ವಲ್ಪ ಕಹಿಯೂ ಆಗಬಹುದು. ಆದ್ದರಿಂದ "ನನಗೆ ಅಪ್ಪನೇ ಆಗಿದ್ದಿರಿ" ಎಂಬಂಥ ಮಾತು ಹಾಕುವ ಮುನ್ನ ಅವರನ್ನೂ ಒಮ್ಮೆ ನೆನೆಯಿರಿ.

ಇದನ್ನು ಓದುತ್ತಿರುವ ಬೇರೆಯವರಿಗಾಗಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಎಲ್ಲ ಯುವಜನ ನಾಯಕರೂ ಹೀಗಿರುವುದಿಲ್ಲ. ಗುಟ್ಟು ಕಾಪಾಡಿಕೊಳ್ಳಲು ಹೇಳಿದವರು, ತಂದೆತಾಯಿಯಿಂದ ದೂರ ಮಾಡಿದವರು, ಮೈಮುಟ್ಟಿದವರು, ದೇವರ ಹೆಸರಿನಲ್ಲಿ ಹೆದರಿಸಿದವರು ಇದ್ದಾರೆ. ಅಂಥವರಿಗೆ ಯಾರೂ ಕೃತಜ್ಞತೆಯ ಬಾಕಿ ಇಟ್ಟುಕೊಂಡಿಲ್ಲ, ಜೊತೆಗೆ ನಾಲ್ಕು ಒಳ್ಳೆಯ ಕೆಲಸ ಮಾಡಿದ್ದರೂ ಸರಿಯೇ. ಈ ಪ್ರಶ್ನೆ ಕೇಳಿದವರು ವಿವರಿಸಿದ ಪಾಸ್ಟರ್ ಹುಡುಗನಿಗೆ ಕೆಲಸ ಕಲಿಸಿದ್ದು ಮೀಟಿಂಗ್ ಹಾಲಿನಲ್ಲಿ. ಮನೆಮಂದಿಗೆಲ್ಲ ತಿಳಿದಂತೆ, ನಾಲ್ಕು ಜನರ ಕಣ್ಣೆದುರಿಗೆ ನಡೆಯುವ ಒಡನಾಟವೇ ಸುರಕ್ಷಿತವಾದದ್ದು. ನಿಮ್ಮ ನೆನಪು ಬೇರೆ ಥರದ್ದಾಗಿದ್ದರೆ ಈ ಉತ್ತರ ನಿಮಗಲ್ಲ. ನೀವು ಮಾತಾಡಬೇಕಾದದ್ದು ನಂಬಿಕೆಯಿಡಬಹುದಾದ ಸಮಾಲೋಚಕರ ಜೊತೆ, ಬೇಕಿದ್ದರೆ ಪೊಲೀಸರ ಜೊತೆ.

ಮತ್ತೆ ನಿಮ್ಮ ವಿಷಯಕ್ಕೆ. "ಅವರು ನನಗೆ ಮಾಡಿದ್ದನ್ನು ನಾನು ಇನ್ನೊಬ್ಬ ಹುಡುಗನಿಗೆ ಮಾಡಿದರೆ ಸಾಕಲ್ಲವೇ, ಪತ್ರ ಯಾಕೆ?" ಎಂಬ ಯೋಚನೆಯೂ ನಿಮಗೆ ಬರಬಹುದು, ನಿಮ್ಮಂತೆ ಬರೆಯಲಾಗದೆ ಒದ್ದಾಡುವವರಲ್ಲಿ ಇದು ಸಾಮಾನ್ಯ. ಮಾಡಿ, ಬಹಳ ಒಳ್ಳೆಯದು. ಆದರೆ ಆ ಹುಡುಗನಿಗೆ ನೀವು ಮಾಡಿದ್ದು ನಿಮ್ಮ ಪಾಸ್ಟರ್‌ಗೆ ಹೇಗೆ ತಿಳಿಯಬೇಕು?

ಪತ್ರದಿಂದ ನಿಮಗೇನು ಸಿಗುತ್ತದೆ ಎಂಬುದರ ಬಗ್ಗೆ ದೊಡ್ಡ ಆಸೆ ಹುಟ್ಟಿಸಲು ನನಗಿಷ್ಟವಿಲ್ಲ. 2005ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸಂಗಡಿಗರು ಜನರಿಗೆ ಒಂದು ವಾರ ಸಮಯ ಕೊಟ್ಟು, ತಾವೆಂದೂ ಸರಿಯಾಗಿ ವಂದಿಸದ ಒಬ್ಬರಿಗೆ ಪತ್ರ ಬರೆದು ಖುದ್ದಾಗಿ ತಲುಪಿಸಲು ಹೇಳಿದರು. ಹಾಗೆ ಮಾಡಿದವರ ಸಂತೋಷ ಎದ್ದುಕಾಣುವಷ್ಟು ಹೆಚ್ಚಿತು, ಒಂದು ತಿಂಗಳವರೆಗೂ ಉಳಿಯಿತು, ಮೂರು ತಿಂಗಳ ಹೊತ್ತಿಗೆ ಕರಗಿತ್ತು. ಅಂದರೆ ಇದು ನಿಮ್ಮಪ್ಪನ ವಿಷಯದ ಗಾಯವನ್ನೂ ನಂಬಿಕೆಯ ಗೊಂದಲವನ್ನೂ ಬಗೆಹರಿಸುವ ಮದ್ದಲ್ಲ. ಅವುಗಳನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕು.

ತಲುಪಿಸುವ ಬಗೆ ಹೀಗಿರಲಿ. ಮೊದಲು ಅವರ ಮನೆಯವರಿಗೆ ಫೋನ್ ಮಾಡಿ, ಕಾಯಿಲೆ ಎಂಥದ್ದು, ಓದಲು ಆಗುತ್ತದೆಯೇ, ಜನ ಬಂದರೆ ಆಯಾಸವಾಗುತ್ತದೆಯೇ, ದಿನದ ಯಾವ ಹೊತ್ತು ಚೆನ್ನಾಗಿರುತ್ತಾರೆ ಎಂದು ಕೇಳಿಕೊಳ್ಳಿ. ಹೋಗಲು ಸಾಧ್ಯವಿದ್ದರೆ ಹೋಗಿ, ಆದರೆ ಪತ್ರವನ್ನು ಎರಡು ದಿನ ಮೊದಲೇ ತಲುಪಿಸಿ. ಎದುರಿಗೆ ಕೂತು ಓದಿದರೆ ಮುಖದಲ್ಲಿ ತಕ್ಷಣ ಏನೋ ತೋರಿಸಬೇಕಾದ ಒತ್ತಡ ಅವರ ಮೇಲೆ ಬೀಳುತ್ತದೆ. ಮೊದಲೇ ಓದಿದ್ದರೆ ನೀವು ಹೋದಾಗ ಅವರಿಗೂ ಹೇಳಲು ಏನಾದರೂ ಇರುತ್ತದೆ. ಕಣ್ಣು ಸರಿಯಿಲ್ಲದಿದ್ದರೆ ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಕೆಳಗೆ ಕೈಬರಹದಲ್ಲಿ ಸಹಿ ಹಾಕಿ. ಹೋಗಲು ಆಗದಿದ್ದರೆ ಪತ್ರ ಕಳಿಸಿ ನಾಲ್ಕು ದಿನ ಬಿಟ್ಟು ಫೋನ್ ಮಾಡಿ. ಒಂದು ಪುಟ, ಹೆಚ್ಚೆಂದರೆ ಒಂದೂವರೆ.

ಮೊದಲ ಸಾಲಿನಲ್ಲೇ ನೀವು ಯಾರು ಎಂದು ಗುರುತು ಹೇಳಿ: ಯಾವ ವರ್ಷದಿಂದ ಯಾವ ವರ್ಷದವರೆಗೆ ಆ ಸಭೆಯಲ್ಲಿದ್ದಿರಿ, ಯಾರ ಮಗ, ಯಾರ ಜೊತೆ ಬರುತ್ತಿದ್ದಿರಿ. ನೂರಾರು ಮಕ್ಕಳನ್ನು ನೋಡಿದವರು, ಈಗ ವಯಸ್ಸೂ ಆಗಿದೆ, ಗುರುತು ಹತ್ತದೆ ಪೇಚಾಡುವಂತಾಗಬಾರದು. ಗುರುತು ಹತ್ತದಿದ್ದರೂ ಬೇಸರ ಮಾಡಿಕೊಳ್ಳಬೇಡಿ. ಉತ್ತರ ಬರದಿದ್ದರೂ ಅಷ್ಟೇ, ಕಾಯಿಲೆಯ ಮನೆಯಲ್ಲಿ ಉತ್ತರ ಬರೆಯಲು ಯಾರಿಗೂ ಪುರುಸೊತ್ತಿರುವುದಿಲ್ಲ. ಎರಡನೇ ಸಾಲಿಗೆ ನೇರವಾಗಿ ಆ ಸಂಜೆಗೆ ಬನ್ನಿ: "ಅಪ್ಪ ಮನೆ ಬಿಟ್ಟು ಹೋದ ವಾರ, ಮೀಟಿಂಗ್ ಮುಗಿದ ಮೇಲೆ, ನೀವು ನನಗೆ ಮೈಕ್ ಕೇಬಲ್ ಸುತ್ತುವುದನ್ನು ಹೇಳಿಕೊಟ್ಟಿರಿ." ಅದಾದ ಮೇಲೆ ಕೈ ತಾನಾಗಿ ಓಡುತ್ತದೆ.